ನಾಲ್ಕೂವರೆಯ ಹಡಗು

ಮಾರ್ಚಿಯ ಒಂದು ಬೆಳಗಿನ ಜಾವ, ನಾಲ್ಕು ಹತ್ತಕ್ಕೆ,
ಬ್ರೌಸರ್ ತಾನೇ ಹೊಸದಾಗಿ ಕೂತಿತ್ತು.
ಯಾರೂ ಕೇಳಿರಲಿಲ್ಲ.
ಪರದೆಯ ತುಂಬ ಬಿಳಿ, ನಡುವೆ ನಗುಮೊಗದ ಚಿತ್ರ:
ನಿಮಗಾಗಿ ಏನೇನು ಬದಲಾಗಿದೆ, ಬನ್ನಿ ನೋಡಿ.
ಬದಲಾದದ್ದು ಇಷ್ಟೇ:
ಟಿಕೆಟ್ ಮುದ್ರಿಸುವ ಯಂತ್ರಕ್ಕೆ ಬಾಯಿ ಬಿದ್ದುಹೋಗಿತ್ತು.

ಕಿಟಕಿಯಾಚೆ ಯೂಗೊ ಗಾಳಿ, ಉಪ್ಪು, ಜನರ ಸಾಲು.
ಎಲ್ಲರಿಗಿಂತ ಮುಂದೆ ಬಾರ್ಬಾ ಶಿಮೆ,
ವಾರಕ್ಕೆ ಮೂರು ಸಲ ಸ್ಪ್ಲಿತ್‌ಗೆ ಹೋಗಿ
ರಕ್ತ ತೊಳೆಸಿಕೊಂಡು ಬರುವವನು.
ಹಿಂದೆ ದೊಮಿನಿಕಾ, ತಂತಿ ಹರಿದ ವಯೋಲಾ ಹೊತ್ತು.
ಆಮೇಲೆ ಪಶುವೈದ್ಯ; ಅವನ ಪೆಟ್ಟಿಗೆಯೊಳಗೆ ಸಿಟ್ಟಿನ ಹುಂಜ.
ನಾನು ಸಾರ್ಡಿನ್ ಪೆಟ್ಟಿಗೆಯ ರಟ್ಟು ಹರಿದು
ಕೈಯಲ್ಲೇ ಟಿಕೆಟ್ ಬರೆದುಕೊಟ್ಟೆ.
ಸಹಿ: ವಿತ್ಸ್ಕೊ ಲುಶಿಚ್.
ಮೊಹರು: ಕಾಫಿ ಕಪ್ಪಿನ ತಳ.
ಹಡಗು ಹನ್ನೊಂದು ನಿಮಿಷ ತಡವಾಗಿ ಹೊರಟಿತು.
ಬಾರ್ಬಾ ಶಿಮೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸ್ಪ್ಲಿತ್‌ನಲ್ಲಿ ಕಂಪನಿಯ ಯಂತ್ರಗಳ ಕಷ್ಟಸುಖ ಕೇಳುವವಳು ತ್ಸ್ವಿಯೆತಾ.
ಮಗುವಿಗೆ ಉಣ್ಣಿಸುತ್ತ ಫೋನಿನಲ್ಲಿ ಹೇಳಿಕೊಡುತ್ತಾಳೆ:
ಇದು ಲಿನಕ್ಸ್, ವಿತ್ಸ್ಕೊ. ಹೇಳಿದ ಮಾತು ಕೇಳುತ್ತೆ,
ಆದರೆ ಹೇಳಬೇಕಾದ ಹಾಗೆ ಹೇಳಬೇಕು.
ಕಪ್ಪು ಕಿಟಕಿ ತೆರೆ. ಪಾಸ್‌ವರ್ಡ್ ಒತ್ತು.
ಒತ್ತಿದೆ. ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ.
ಒತ್ತಿದೆಯಾ?
ಒತ್ತಿದೆ, ಕಾಣುತ್ತಿಲ್ಲ.
ಕಾಣುವುದಿಲ್ಲ. ಅದಕ್ಕೆ ಕೇಳಿಸಿದೆ.
ನನ್ನಜ್ಜಿಯ ದೇವರೂ ಇದೇ ಜಾತಿಯವನು.

ಹಳೆಯ ಆವೃತ್ತಿಯನ್ನು ವಾಪಸು ಕರೆಸಿದೆವು,
ಅದರ ಹೆಸರಿಗೆ ಒಂದೇ ಮಾತು ಅಂಟಿಸಿದೆವು: ಹೋಲ್ಡ್.
ಹಿಡಿ. ಇದ್ದಲ್ಲೇ ಇರು. ಯಾರು ಕರೆದರೂ ಏಳಬೇಡ.
ಪರದೆ ಒಂದು ಸಾಲಿನಲ್ಲಿ ಹ್ಞೂಂ ಎಂದಿತು.

ನಾಲ್ಕು ದಿನ ಎಲ್ಲ ಸರಿ. ಐದನೆಯ ರಾತ್ರಿ
ಹಿತ್ತಲ ಬಾಗಿಲಿಂದ ಬಂತು.
ಅದೇ ಬ್ರೌಸರಿನ ಇನ್ನೊಂದು ಪ್ರತಿ,
ಸ್ನ್ಯಾಪ್ ಎಂಬ ಪೊಟ್ಟಣದೊಳಗೆ ಬೆಚ್ಚಗೆ ಕೂತಿದ್ದು,
ದಿನಕ್ಕೆ ನಾಲ್ಕು ಸಲ ತಲೆ ಹೊರಗೆ ಹಾಕಿ
ಹೊಸದು ಬಂತಾ, ಹೊಸದು ಬಂತಾ ಎಂದು ವಿಚಾರಿಸುತ್ತಿತ್ತಂತೆ.
ಮೀನಿನ ಬುಟ್ಟಿಗೆ ಮುಚ್ಚಳ ಬಿಗಿದು
ತಳದ ತೂತು ಮರೆತಿದ್ದೆವು.

ಅದಕ್ಕೂ ಹಿಡಿ ಎಂದೆವು.
ಎಷ್ಟು ದಿನ ಅಂತ ಹೇಳದಿದ್ದರೆ
ಎಂದೆಂದಿಗೂ ಅಂತ ತಿಳಿದುಕೊಳ್ಳುತ್ತೆ, ಅಂದಳು.
ಎಂದೆಂದಿಗೂ! ಅಂದೆ ನಾನು, ಖುಷಿಯಲ್ಲಿ.
ಆ ಕಡೆ ಮಗು ಏನನ್ನೋ ಉಗುಳಿತು.
ಬೇಡ, ಅಂದಳು ತ್ಸ್ವಿಯೆತಾ. ಹಳತಿನಲ್ಲಿ ತೂತುಗಳಿವೆ.
ಆ ತೂತುಗಳ ದಾರಿ ಬಲ್ಲವರು
ಟಿಕೆಟ್ ಕೊಂಡು ಬರುವುದಿಲ್ಲ.
ಮುದ್ರಣಯಂತ್ರದವರು ಜೂನಿಗೆ ಸರಿಮಾಡುತ್ತಾರೆ,
ಅಲ್ಲಿತನಕ ಮಾತ್ರ.
ಅಲ್ಲಿತನಕ ಅದರಲ್ಲಿ ಟಿಕೆಟ್ ಬಿಟ್ಟು ಬೇರೇನೂ ತೆರೆಯಬೇಡ.
ನಿನ್ನ ಸೈಕಲ್ ರೇಸು ಕೂಡ.
ಅವಳಿಗೆ ಹೇಗೆ ಗೊತ್ತಾಯಿತೋ.

ಟಿಕೆಟ್ ಮಾರುವುದು ನನ್ನ ಅರ್ಧ ಕೆಲಸ.
ಉಳಿದರ್ಧ ಹಗ್ಗ.
ಹಡಗು ದಡಕ್ಕೆ ಬಂದಾಗ ಡೆಕ್ಕಿನಿಂದ ರೋಕೊ ಎಸೆಯುತ್ತಾನೆ,
ನಾನು ಹಿಡಿದು ಕಬ್ಬಿಣದ ಗೂಟಕ್ಕೆ ಸುತ್ತುತ್ತೇನೆ,
ಇಪ್ಪತ್ತಾರು ವರ್ಷದಿಂದ.
ಹಿಡಿಯುವುದನ್ನು ಯಾರೂ ಕಲಿಸಲಿಲ್ಲ,
ಮೇಲೆ ಬೀಳುವ ಹಗ್ಗವನ್ನು ಕೈಯೇ ಹಿಡಿಯುತ್ತದೆ.
ಕಲಿಸಿದ್ದು ಬಿಡುವುದನ್ನು:
ಕಪ್ತಾನ ಮೊಲಾ! ಎಂದು ಕೂಗಿದೊಡನೆ
ಬಿಟ್ಟುಬಿಡಬೇಕು, ಅಷ್ಟೆ.
ಮೊದಲ ವರ್ಷ ನಾನೊಂದು ಉಸಿರು ತಡಮಾಡಿದೆ.
ಎಡಗೈ ಕಿರುಬೆರಳ ತುದಿ ಇವತ್ತಿಗೂ ಸಮುದ್ರದಲ್ಲಿದೆ.

ಕಿಟಕಿಯ ಪಕ್ಕ ಮೀನಂಗಡಿಯ ಕ್ಯಾಲೆಂಡರ್.
ಜೂನ್ ಒಂಬತ್ತರ ಚೌಕದಲ್ಲಿ, ಟ್ಯೂನಾದ ಬಾಲದ ಕೆಳಗೆ,
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ಮೊಲಾ.

ಈಗ ನಾಲ್ಕು ಹತ್ತು.
ಮೂಲೆಯಲ್ಲೊಂದು ಸಣ್ಣ ಹಸಿರು ಬಾಣ:
ಹೊಸ ಆವೃತ್ತಿ ಸಿದ್ಧವಿದೆ.
ಇರಲಿ, ಅದೂ ಸಾಲಿನಲ್ಲಿ ನಿಲ್ಲಲಿ.
ಯಂತ್ರ ಎರಡು ಸಲ ಕೆಮ್ಮಿ ಟಿಕೆಟ್ ಹೊರಹಾಕಿತು.
ಬಾರ್ಬಾ ಶಿಮೆ ಅದನ್ನು ದೀಪಕ್ಕೆ ಹಿಡಿದು
ಆ ಬದಿ ಈ ಬದಿ ತಿರುಗಿಸಿ ನೋಡಿದ.
ಸಾರ್ಡಿನ್ ರಟ್ಟಿನದೇ ಚೆನ್ನಾಗಿತ್ತು, ಅಂದ.